ವಿಭೂತಿ ಬಸಯ್ಯನವರ ಉಸಿರು

ಸವದತ್ತಿಯ ಆಸ್ಪತ್ರೆಯೊಂದರಲ್ಲಿ, ಎದೆಯ ಚಿತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ ವೈದ್ಯರು ಮೊದಲು ಕೇಳಿದ್ದು ಒಂದೇ ಮಾತು.

"ಅಜ್ಜಾರ, ದಿನಕ್ಕ ಎಷ್ಟು ಬೀಡಿ ಸೇದತೀರಿ?"

ಕುರ್ಚಿಯಲ್ಲಿ ಕುಳಿತಿದ್ದವರು ಮುನವಳ್ಳಿಯ ವಿಭೂತಿ ಬಸಯ್ಯನವರು. ಅವರ ನೆರೆಮನೆಯವನಾದ ನಾನು ಜೊತೆಗೆ ಹೋಗಿದ್ದೆ; ಅವರ ಮಡದಿ ಹಿಂದೆ ಬಾಗಿಲ ಬಳಿ ನಿಂತಿದ್ದರು.  ಬೀಡಿಯ ಮಾತು ಹಾಗಿರಲಿ, ಎಲೆಯಡಿಕೆಯ ಜೊತೆಗೆ ಒಂದು ಚೂರು ತಂಬಾಕನ್ನೂ ಕಂಡ ಬಾಯಿ ಅದಲ್ಲ. ಚಹಾದ ಅಂಗಡಿಯಲ್ಲಿ ಯಾರಾದರೂ ಬೀಡಿ ಹಚ್ಚಿದರೆ ಎದ್ದು ಹೊರಗೆ ಬಂದು ನಿಲ್ಲುವ ಮನುಷ್ಯರು ಅವರು.

"ನಾವು ಜಂಗಮರ್ರಿ ಸಾಹೇಬ್ರ," ಎಂದರು ಬಸಯ್ಯನವರು, ನಡುನಡುವೆ ಉಸಿರನ್ನು ಎಳೆದುಕೊಳ್ಳುತ್ತ. "ನಮ್ಮ ಮನ್ಯಾಗ ಸೇದೋ ಪದ್ಧತಿ... ಇಲ್ರಿ."

"ಪದ್ಧತಿ ಇಲ್ಲ ಅಂದ್ರೂ ಹೊಗಿ ಒಳಗ ಹೋಗೇತಲ್ರಿ. ಹುಡುಗತನದಿಂದ ಬಿಡದ ಸೇದಿದವರ ಎದಿ ಹಿಂಗ ಇರತೈತಿ. ಏನು ಉದ್ಯೋಗ ನಿಮ್ಮದು?"

"ವಿಭೂತಿ ಮಾಡತೇವ್ರಿ."

ವೈದ್ಯರು ಚಿತ್ರವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಅವರ ಹಣೆಯ ಮೇಲೂ ಬೆಳಗಿನ ಪೂಜೆಯ ಮೂರು ಬಿಳಿ ಗೆರೆಗಳಿದ್ದವು. ಆ ವಿಭೂತಿ ಯಾರ ಮನೆಯದೆಂದು ಅವರು ಕೇಳಲಿಲ್ಲ. ಬಸಯ್ಯನವರು ಹೇಳಲೂ ಇಲ್ಲ.

ನಮ್ಮ ಭಾಗದಲ್ಲಿ ಬಸಯ್ಯನವರ ಮನೆಯ ವಿಭೂತಿಗೆ ಒಂದು ಹೆಸರಿತ್ತು. ಪೇಟೆಯಲ್ಲಿ ಸಿಗುವ ಸುಣ್ಣದ ಪುಡಿಯ ಗಟ್ಟಿಗಳು ಹಣೆಗೆ ಹಚ್ಚಿದರೆ ಉರಿಯುತ್ತವೆ, ಸಂಜೆಗೆ ಉದುರುತ್ತವೆ. ಇವರದು ಹಾಗಲ್ಲ, ಬೆಳಗ್ಗೆ ಹಚ್ಚಿದರೆ ರಾತ್ರಿ ಮುಖ ತೊಳೆಯುವವರೆಗೂ ತಣ್ಣಗೆ ನಿಲ್ಲುತ್ತಿತ್ತು. ರಾಮದುರ್ಗದಿಂದ, ಕಿತ್ತೂರಿನಿಂದ ಜನರು ಬಂದು ಒಯ್ಯುತ್ತಿದ್ದರು. ಜವಾರಿ ಆಕಳ ಸಗಣಿಯನ್ನು ಉಂಡೆ ಮಾಡಿ ಒಣಗಿಸುವುದು, ಹಿತ್ತಲಿನ ಕಲ್ಲುಕಟ್ಟಿದ ಕುಣಿಯಲ್ಲಿ ಭತ್ತದ ಹೊಟ್ಟಿನೊಡನೆ ಪದರು ಪದರಾಗಿ ಜೋಡಿಸುವುದು, ಕಿಡಿ ಹಾಕಿ ಮೇಲೆ ಮಣ್ಣು ಮುಚ್ಚಿ ಒಂದು ಸಣ್ಣ ಕಿಂಡಿಯನ್ನು ಮಾತ್ರ ಬಿಡುವುದು. ಕುಣಿ ದಿನಗಟ್ಟಲೆ ಒಳಗೊಳಗೇ ಬೇಯುತ್ತದೆ. ಗಾಳಿ ಹೊಡೆಯಬಾರದು, ಹೊಡೆದರೆ ಬೂದಿ ಹಾರುತ್ತದೆ, ಕಸ ಬೀಳುತ್ತದೆ. ವರ್ಷದ ದೊಡ್ಡ ಕುಣಿಯನ್ನು ಮಾಘದ ಹುಣ್ಣಿಮೆಗೆ ಹೊತ್ತಿಸಿ ಶಿವರಾತ್ರಿಯ ಬೆಳಗ್ಗೆ ತೆರೆಯುವುದು ಅವರ ಮನೆತನದ ನಡಾವಳಿ. ಆಮೇಲೆ ಆ ಬೂದಿಯನ್ನು ಅರಿವೆಯಲ್ಲಿ ಸೋಸಿ, ನೀರಿನಲ್ಲಿ ಕದಡಿ, ತಳಕ್ಕೆ ಇಳಿದ ನುಣ್ಣನೆಯ ಕೆನೆಯನ್ನು ಗಟ್ಟಿ ಮಾಡಿ ನೆರಳಿನಲ್ಲಿ ಒಣಗಿಸಬೇಕು.

ಕುಣಿ ಬಸಯ್ಯನವರದು, ಸೋಸುವುದು ಅವರ ಮಡದಿ ಅನ್ನಪೂರ್ಣಮ್ಮನವರದು. ಮಧ್ಯಾಹ್ನ ನಾನು ಮನೆಯಲ್ಲಿ ಕಾಗದ ಓದುತ್ತ ಕುಳಿತಾಗ ಹಿತ್ತಲಿನ ಗೋಡೆಯಾಚೆ ಅರಿವೆ ಜಾಡಿಸುವ ಸಪ್ಪಳ ಕೇಳುತ್ತಿತ್ತು. ಒಮ್ಮೊಮ್ಮೆ ಗೋಡೆಯ ಮೇಲೆ ಬಿಳಿಯ ದೂಳು ಮಂಜಿನಂತೆ ಏಳುವುದು ಕಾಣುತ್ತಿತ್ತು. ಅದರ ನಡುವೆ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಆ ತಾಯಿ ಕುಳಿತಿರುತ್ತಿದ್ದರು.

ಬಸಯ್ಯನವರಿಗೆ ಒಂದು ಕಂಠವಿತ್ತು. ಸಂತೆಯ ದಿನ ವಿಭೂತಿಯ ಗಟ್ಟಿಗಳನ್ನು ಮುಂದಿಟ್ಟುಕೊಂಡು ಕಟ್ಟೆಯ ಮೇಲೆ ಕುಳಿತು "ಈಬತ್ತಿ ಬಂದೈತಿ ಬರ್ರಿ" ಎಂದು ಒಮ್ಮೆ ಕೂಗಿದರೆ ಸಂತೆಯ ಆಚೆಯ ತುದಿಯಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದವರೂ ತಿರುಗಿ ನೋಡುತ್ತಿದ್ದರು. ಆ ಕಂಠ ಯಾವಾಗ ಸಣ್ಣದಾಯಿತೆಂದು ನಮಗಾರಿಗೂ ತಿಳಿಯಲಿಲ್ಲ. ಒಂದು ಸಂತೆಯ ದಿನ ಅವರು ಕೂಗುವುದಕ್ಕೆ ಬಾಯಿ ತೆರೆದರು, ಬರಿಯ ಶಿಳ್ಳಿನಂಥ ಸದ್ದು ಹೊರಬಿತ್ತು. ಸುತ್ತಲಿದ್ದವರು ತಮಾಷೆಯೆಂದು ನಕ್ಕರು. ಅವರು ಎದೆ ಹಿಡಿದುಕೊಂಡು ಒರಗಿದಾಗ ಆ ನಗೆ ಹಾಗೆಯೇ ನಿಂತುಹೋಯಿತು. ಅದರ ಮಾರನೆಯ ದಿನವೇ ನಾವು ಸವದತ್ತಿಗೆ ಹೋದದ್ದು.

ವೈದ್ಯರು ಬಾಯಿಗೆ ಹಿಡಿದು ಸೇದುವ ಮದ್ದಿನ ಪಂಪನ್ನು ಕೊಟ್ಟರು. ಕೆಟ್ಟ ಪುಪ್ಪುಸ ಮತ್ತೆ ಹೊಸದಾಗುವುದಿಲ್ಲ, ಉಳಿದದ್ದನ್ನು ಕಾಯಬೇಕು, ಒಮ್ಮೆ ದಮ್ಮು ಏರಿ ಇಳಿದರೆ ಎದೆ ಮೊದಲಿನಷ್ಟು ಉಳಿಯುವುದಿಲ್ಲ, ಆದ್ದರಿಂದ ಏರದಂತೆ ನೋಡಿಕೊಳ್ಳಬೇಕು ಎಂದು ಬಿಡಿಸಿ ಹೇಳಿದರು. ಕೊನೆಗೆ, "ಬೆಂಕಿ ಬಿಡ್ರಿ," ಎಂದರು. ಬಸಯ್ಯನವರು ಎಲ್ಲಕ್ಕೂ ತಲೆಯಾಡಿಸಿದವರು ಆ ಮಾತಿಗೆ ಮಾತ್ರ ಆಡಿಸಲಿಲ್ಲ.

ಆ ವರ್ಷದ ಚಳಿಗಾಲದಲ್ಲಿ ದಮ್ಮು ಏರಿತು, ಇಳಿಯಿತು; ಮತ್ತೆ ಏರಿತು. ಏರಿದಾಗ ಅವರ ಎದೆಯ ಮೇಲಿನ ಲಿಂಗದ ಕರಡಿಗೆ ನೀರಿನ ಮೇಲಿನ ದೋಣಿಯಂತೆ ಎದ್ದು ಬೀಳುತ್ತಿತ್ತು. ನೋಡುವುದಕ್ಕೆ ಆಗುತ್ತಿರಲಿಲ್ಲ.

ಬೇಸಿಗೆ ಬಂದಾಗ ನನಗೆ ಸ್ನೇಹಲ್ ನೆನಪಾದಳು. ರಾಮದುರ್ಗದಲ್ಲಿ ನನ್ನ ಕೈಯಲ್ಲಿ ಓದಿದ ಅರ್ಜುನನ ಮಗಳು. ನಿಸರ್ಗ ಚಿಕಿತ್ಸೆಯ ಪದವಿ ಪಡೆದು, ಪುಣೆಯಲ್ಲಿ ಚೀನೀ ವೈದ್ಯವನ್ನು ಬೇರೆಯಾಗಿ ಕಲಿತು, ಬೈಲಹೊಂಗಲದಲ್ಲಿ ಬಟ್ಟೆಯಂಗಡಿಯೊಂದರ ಮಾಳಿಗೆಯ ಮೇಲೆ ದವಾಖಾನೆ ಇಟ್ಟಿದ್ದಳು. ನಾನು, ಬಸಯ್ಯನವರು, ಅನ್ನಪೂರ್ಣಮ್ಮನವರು ಬಸ್ಸಿನಲ್ಲಿ ಹೋದೆವು. ಮೆಟ್ಟಿಲುಗಳನ್ನು ಬಸಯ್ಯನವರು ನಿಂತು ನಿಂತು ಹತ್ತಿದರು. ಅನ್ನಪೂರ್ಣಮ್ಮನವರು ಇನ್ನೂ ಹಿಂದೆ ಬಂದರು. ಗಂಡನ ಹಿಂದೆ ಸ್ವಲ್ಪ ಅಂತರ ಬಿಟ್ಟು ನಡೆಯುವುದು ಅವರ ರೂಢಿ. ಹಳೆಯ ಕಾಲದ ಹೆಣ್ಣುಮಕ್ಕಳು ಹಾಗೆಯೇ ಎಂದು ಓಣಿಯವರೆಲ್ಲ ಮೆಚ್ಚಿ ಆಡುತ್ತಿದ್ದರು.

ದವಾಖಾನೆಯ ಗೋಡೆಯ ಮೇಲೆ ಬುದ್ಧನ ಚಿತ್ರವಿತ್ತು. ಸ್ನೇಹಲ್ ಬಸಯ್ಯನವರ ನಾಲಿಗೆಯನ್ನು ನೋಡಿದಳು. ಎರಡೂ ಮಣಿಕಟ್ಟುಗಳ ಮೇಲೆ ಮೂರು ಬೆರಳಿಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ಕುಳಿತಳು.

"ಅಷ್ಟು ಹೊತ್ತು ಕೈ ಹಿಡಕೊಂಡಿ ಅಂದ್ರ ಏನರ ಸಿಕ್ಕಿರಬೇಕು," ಎಂದರು ಬಸಯ್ಯನವರು.

"ಸಿಕ್ಕೈತ್ರಿ ಅಜ್ಜಾರ. ನಿಮ್ಮ ಹಠ ಸಿಕ್ಕೈತಿ."

ಅವರಿಗೆ ನಗು ಬಂತು, ನಗುವಿನ ಹಿಂದೆ ಕೆಮ್ಮು ಬಂತು. ಕೆಮ್ಮು ಮುಗಿಯುವವರೆಗೆ ಆಕೆ ಕೈ ಬಿಡಲಿಲ್ಲ.

ಆಮೇಲೆ ಆಕೆ ಹೇಳಿದ ಮಾತುಗಳನ್ನು ನಾನು ಇಲ್ಲಿ ಸ್ಪಷ್ಟವಾಗಿ ಬರೆಯಬೇಕು, ಏಕೆಂದರೆ ಮುಂದೆ ಆದದ್ದೆಲ್ಲ ಆ ಮಾತುಗಳನ್ನು ದಾಟಿದ್ದರಿಂದಲೇ ಆದದ್ದು.

"ನಮ್ಮ ಚೀನೀ ವೈದ್ಯದಾಗ ಈ ರೋಗಕ್ಕ ಎರಡು ಕಾಲ ಐತ್ರಿ. ದಮ್ಮು ಏರಿದ ಕಾಲ, ಇಳದ ಕಾಲ. ಇಳದಾಗ ಮೈಗೆ ಬಲಾ ಕೊಡಬೇಕು. ಚಳಿಗಾಲದಾಗ ಏರೋ ದಮ್ಮಿಗೆ ಕಡು ಬ್ಯಾಸಗ್ಯಾಗ ಬೆನ್ನಿಗೆ ಮದ್ದು ಹಚ್ಚತೇವಿ. ಏರಿದಾಗಿನ ದಾರಿ ಬ್ಯಾರೆ. ಕಫಾ ಕೀಳಬೇಕು, ಉಸರ ಉಳಸಬೇಕು. ಅದಕ್ಕ ನನ್ನ ಹತ್ರ ಬರಬ್ಯಾಡ್ರಿ. ಸೀದಾ ಸವದತ್ತಿಗೆ ಹೋಗ್ರಿ. ಆ ಪಂಪನ್ನಂತೂ ಒಂದ ದಿನಾನೂ ಬಿಡಬ್ಯಾಡ್ರಿ."

ಬೆನ್ನಿಗೆ ಸಾಸಿವೆ, ಶುಂಠಿ ಮತ್ತು ಯಾವುದೋ ಬೇರನ್ನು ಅರೆದ ಲೇಪವನ್ನು ಅಂಟಿಸಿದಳು. "ತಂಗಿ, ಒಗ್ಗರಣಿ ಹಾಕಾಕ ಹತ್ತಿಯೇನು," ಎಂದು ಬಸಯ್ಯನವರು ಉರಿ ತಾಳದೆ ಕೇಳಿದರು. ಮೊಣಕಾಲ ಕೆಳಗೆ, ಮಣಿಕಟ್ಟಿನ ಬಳಿ ಕೂದಲಿನಂಥ ಸೂಜಿಗಳನ್ನು ಚುಚ್ಚಿದಳು.

"ಕಾಲಾಗ ಚುಚ್ಚಿದ್ರ ಎದಿಗೆ ಹೆಂಗ ಗೊತ್ತಾಗತೈತಿ?"

"ಎದಿಯಾಗ ಚುಚ್ಚಿದ್ರ ಪುಪ್ಪುಸ ತೂತ ಬಿದ್ದೀತ್ರಿ. ಉಬ್ಬಿ ನಿಂತಾವು ನಿಮ್ಮವು."

ಕೊನೆಗೆ ಆಕೆ ಬೆರಳು ದಪ್ಪದ ಒಂದು ಕಪ್ಪು ಕಡ್ಡಿಯನ್ನು ಹೊತ್ತಿಸಿ, ಬೆನ್ನಿಗೆ ತಾಗದಂತೆ ಎರಡು ಬೆರಳ ಅಂತರದಲ್ಲಿ ಹಿಡಿದು ಕಾವು ಕೊಟ್ಟಳು. ಹೊಗೆ ಬಾರದಂತೆ ಮಾಡಿದ ಕಡ್ಡಿಯಂತೆ. ಅದರೊಳಗೆ ಏನಿದೆಯೆಂದು ಬಸಯ್ಯನವರು ಕೇಳಿದರು. ನಮ್ಮ ಮಾಚಿಪತ್ರೆ, ದವನ ಇವುಗಳ ಜಾತಿಯ ಸೊಪ್ಪು ಎಂದಳು. ಬಸಯ್ಯನವರ ಕಣ್ಣುಗಳು ಅಗಲವಾದವು. ದವನ ಶಿವನ ತಲೆಯ ಮೇಲೆ ಏರಿಸುವ ಪತ್ರೆ.

ಕಡ್ಡಿಯ ತುದಿಯಲ್ಲಿ ಬೂದಿ ಬೆಳೆಯಿತು. ಸ್ನೇಹಲ್ ಅದನ್ನು ನೀರಿನ ಬಟ್ಟಲಿಗೆ ತಟ್ಟಿದಳು. ಕಾವು ಕೊಟ್ಟು ಮುಗಿದ ಮೇಲೆ ಆ ನೀರನ್ನು ಮೋರಿಗೆ ಸುರಿದಳು.

ಬಸಯ್ಯನವರು ಹಾಸಿಗೆಯಿಂದ ಅರ್ಧ ಎದ್ದು ಕೈ ಚಾಚಿದ್ದನ್ನು ನಾನು ಕಂಡೆ.

"ಚೆಲ್ಲಿಬಿಟ್ಟೆಲ್ಲ ತಂಗಿ."

"ಬರೇ ಬೂದ್ರಿ ಅಜ್ಜಾರ ಅದು."

ಅವರ ಮುಖ ಹೇಗಾಯಿತೆಂದರೆ, ಯಾರೋ ಕಣ್ಣೆದುರಿಗೆ ಹಾಲು ತುಂಬಿದ ಕೊಡವನ್ನು ಬಚ್ಚಲಿಗೆ ಉರುಳಿಸಿದಂತೆ.  ಮುನವಳ್ಳಿಯಲ್ಲಿ ಬಸ್ಸಿನಿಂದ ಇಳಿಯುವಾಗ ಹೇಳಿದರು. "ಮಾಸ್ತರ್ರ, ಆ ಹುಡಿಗಿ ಕೈಗುಣ ಚಲೋ ಐತಿ. ಆದ್ರ ಕಾಳು ಚೆಲ್ಲಿ ಹೊಟ್ಟು ಕೊಡತಾಳ ನೋಡ್ರಿ." ಹಾಸ್ಯಕ್ಕೆ ಅಂದರೆಂದು ನಾನು ನಕ್ಕೆ. ಅವರು ನಗಲಿಲ್ಲ.

ಆ ಬೇಸಿಗೆ, ಆ ಮಳೆಗಾಲ ಅವರು ಚೆನ್ನಾಗಿಯೇ ಇದ್ದರು. ಪಂಪನ್ನು ತಪ್ಪಿಸಲಿಲ್ಲ. ಸ್ನೇಹಲ್ ಕಲಿಸಿದಂತೆ ಬೆಳಗ್ಗೆ ಅಂಗಳದಲ್ಲಿ ನಿಂತು, ಕೈಗಳನ್ನು ಹಕ್ಕಿಯ ರೆಕ್ಕೆಯಂತೆ ನಿಧಾನವಾಗಿ ಎತ್ತಿ ಇಳಿಸಿ ಉಸಿರಾಡುತ್ತಿದ್ದರು. ಎದುರು ಮನೆಯ ಮುದುಕಿ ಕೆಂಪವ್ವ, "ಅಯ್ನಾರ ಹಾರಿ ಹೊಂಟಾರ, ಹಿಡೀರಿ ಯಾರರೆ," ಎಂದು ಚೇಷ್ಟೆ ಮಾಡುತ್ತಿದ್ದಳು. ಮಗ ಸಿದ್ದರಾಮನು ಎಂ.ಕೆ. ಹುಬ್ಬಳ್ಳಿಯ ಕಡೆ ಕಬ್ಬಿನ ಗಾಡಿಗಳ ಲೆಕ್ಕದ ಕೆಲಸದಲ್ಲಿದ್ದವನು, ದಮ್ಮು ಏರಿದ ದಿನ ಮುಟ್ಟಬಾರದೆಂದು ಹೇಳಿ ಸ್ನೇಹಲ್ ಕೊಟ್ಟಿದ್ದ ಆ ಕಡ್ಡಿಗಳಿಂದ ಬಿಡುವಿದ್ದಾಗ ಅಂಗಳದಲ್ಲಿಯೇ ತಂದೆಯ ಬೆನ್ನಿಗೆ ಕಾವು ಕೊಡುತ್ತಿದ್ದನು. ಉದುರಿದ ಬೂದಿಯನ್ನು ತಂದೆ ಒಂದು ಎಲೆಯಲ್ಲಿ ಹಿಡಿದು ಒಳಗೆ ಒಯ್ಯುತ್ತಿದ್ದರೆಂದು ಅವನು ಆಮೇಲೆ ಹೇಳಿದನು. ವಿಭೂತಿಯ ಮನೆಯಲ್ಲಿ ಬೂದಿಯನ್ನು ಎತ್ತಿಡುವುದರಲ್ಲಿ ಆಶ್ಚರ್ಯಪಡುವಂಥದೇನಿದೆ?

ಶಿವರಾತ್ರಿಯ ಕುಣಿಯನ್ನು ಈ ವರ್ಷ ಊರ ಹೊರಗಿನ ಹೊಲದಲ್ಲಿ ಮಗನೇ ಹೊತ್ತಿಸುತ್ತಾನೆ, ತಾವು ದೂರ ಇರುತ್ತೇವೆ ಎಂದು ಬಸಯ್ಯನವರು ಸ್ನೇಹಲ್‌ಗೆ ಮಾತು ಕೊಟ್ಟಿದ್ದರು. ಮಾಘದ ಹುಣ್ಣಿಮೆಗೆ ಸಿದ್ದರಾಮನಿಗೆ ರಜೆ ಸಿಗಲಿಲ್ಲ. ಕಬ್ಬಿನ ಹಂಗಾಮು ಅದು. ಬಸಯ್ಯನವರು ಹಿತ್ತಲಿನ ಹಳೆಯ ಕುಣಿಯನ್ನೇ ತುಂಬಿ ತಾವೇ ಕಿಡಿ ಹಾಕಿದರು. ಅಣೆಕಟ್ಟಿನ ಹಿನ್ನೀರಿನ ಕಡೆಯಿಂದ ಚಳಿಗಾಳಿ ಬೀಸುತ್ತಿತ್ತು. ಕುಣಿಯ ಹೊಗೆ ಮೇಲೇರದೆ ಹಿತ್ತಲಿನಲ್ಲಿಯೇ ಮಲಗಿತು. ದಮ್ಮು ಏರಿತು.

ಮರುದಿನ ಬೆಳಗ್ಗೆ ಹಾಲು ತರಲು ಹೊರಟ ನಾನು ಅವರ ಮನೆಯ ಮುಂದೆ ನಿಂತೆ. ಹೊಗೆ ಹಿತ್ತಲಿನಿಂದ ಬರುವುದು ಸರಿ. ಆದರೆ ಅದು ದೇವರ ಕೋಣೆಯ ಕಿಟಕಿಯ ಸಂದಿಯಿಂದ ಬರುತ್ತಿತ್ತು. ಆ ಹೊತ್ತಿಗೇ ಸಿದ್ದರಾಮನು ಪಾಳಿ ಮುಗಿಸಿ ಗಾಡಿ ನಿಲ್ಲಿಸಿದನು. ಇಬ್ಬರೂ ಒಳಗೆ ಹೋದೆವು. ದೇವರ ಕೋಣೆಯ ಬಾಗಿಲು ಒಳಗಿನಿಂದ ಹಾಕಿತ್ತು. ಬಾಗಿಲ ಕೆಳಗಿನ ಸಂದಿಗೆ ಒದ್ದೆಯ ಅರಿವೆಯನ್ನು ತುರುಕಿದ್ದರು. ಕರೆದರೆ ಉತ್ತರವಿಲ್ಲ. ಸಿದ್ದರಾಮನು ಹೆಗಲು ಕೊಟ್ಟು ಗುದ್ದಿದನು. ಅಗುಳಿ ಕಿತ್ತು ಬಿದ್ದಿತು.

ಒಳಗಿನ ಹೊಗೆ ಮುಖಕ್ಕೆ ಹೊಡೆಯಿತು. ಕೋಣೆಯ ನಡುವೆ ಕೆಂಡ ತುಂಬಿದ ಶೆಗಡಿ. ಅದರ ಮೇಲೆ ಸ್ನೇಹಲ್ ಕೊಟ್ಟ ಕಡ್ಡಿಗಳನ್ನೆಲ್ಲ ಮುರಿದು ಹಾಕಿ, ಒಣಗಿದ ದವನದ ಹೊರೆಯನ್ನು ಒಟ್ಟಿ, ಮೇಲೆ ಮಣ್ಣಿನ ಮುಚ್ಚಳವನ್ನು ಓರೆಯಾಗಿ ಇಟ್ಟಿದ್ದರು. ಕುಣಿಯನ್ನು ಬೇಯಿಸುವ ಹಾಗೆಯೇ, ಗಾಳಿ ಹೊಡೆಯದಂತೆ. ಗೋಡೆಗೆ ಒರಗಿ ಬಸಯ್ಯನವರು ಕುಳಿತಿದ್ದರು. ತುಟಿಗಳು ನೇರಳೆಯ ಹಣ್ಣಿನ ಬಣ್ಣಕ್ಕೆ ತಿರುಗಿದ್ದವು. ಎದೆಗೆ, ಕೊರಳಿಗೆ, ನಾಲಿಗೆಗೆ ಬೂದಿ ಬಳಿದಿತ್ತು. ಕರಡಿಗೆ ಅಲುಗುತ್ತಿತ್ತೋ ಇಲ್ಲವೋ ನನಗೆ ಕಾಣಲಿಲ್ಲ. ಅವರ ತಲೆಯನ್ನು ತೊಡೆಯ ಮೇಲೆ ಎಳೆದುಕೊಳ್ಳಲು ಹೋಗಿ, ಅನ್ನಪೂರ್ಣಮ್ಮನವರು ಅಲ್ಲಿಯೇ ಪಕ್ಕಕ್ಕೆ ವಾಲಿದ್ದರು.

ಇಬ್ಬರನ್ನೂ ಅಂಗಳಕ್ಕೆ ಎಳೆದೆವು. ಅನ್ನಪೂರ್ಣಮ್ಮನವರು ಗಾಳಿ ಸೋಕಿದೊಡನೆ ಕಣ್ಣು ತೆರೆದರು. ಬಸಯ್ಯನವರು ತೆರೆಯಲಿಲ್ಲ. ಕರಡಿಗೆಯ ಮೇಲೆ ಕೈಯಿಟ್ಟು ನೋಡಿದೆ. ಬಹಳ ಹೊತ್ತಿನ ಮೇಲೆ ಅದು ಒಮ್ಮೆ ಎದ್ದಿತು.

ಸವದತ್ತಿಯ ಆಸ್ಪತ್ರೆಯಲ್ಲಿ ಅವರಿಗೆ ಆಮ್ಲಜನಕದ ಮುಸುಕನ್ನು ಹಾಕಿದರು. ಇನ್ನು ಸ್ವಲ್ಪ ತಡವಾಗಿದ್ದರೆ ಇಬ್ಬರೂ ಅಲ್ಲಿಯೇ ಹೋಗುತ್ತಿದ್ದರು, ಹೊಗೆಗಿಂತ ಕೆಟ್ಟದ್ದು ಮುಚ್ಚಿದ ಕೋಣೆಯಲ್ಲಿನ ಕೆಂಡದ ಗಾಳಿ ಎಂದರು ವೈದ್ಯರು. ನಾನು ಸ್ನೇಹಲ್‌ಗೆ ಫೋನು ಮಾಡಿದೆ. ಬೈಲಹೊಂಗಲದಿಂದ ಆಕೆ ಬಂದು ಮುಟ್ಟುವಾಗ ಸಿದ್ದರಾಮನು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದನು. ಆಕೆಯನ್ನು ಕಂಡವನೇ ಎದ್ದನು.

"ಬರ್ರಿ ಡಾಕ್ಟರ್ರ. ನಿಮ್ಮ ಚೀನಾದ ಮದ್ದು ನೋಡಬರ್ರಿ. ನಮ್ಮಪ್ಪನ್ನ ಸುಟ್ಟ ಬೂದಿ ಮಾಡಿತ್ತು."

ಸ್ನೇಹಲ್‌ಳ ಮುಖದ ರಕ್ತ ಇಳಿಯಿತು. "ದಮ್ಮು ಏರಿದ ದಿನ ಆ ಕಡ್ಡಿ ಮುಟ್ಟಬ್ಯಾಡ್ರಿ ಅಂದಿದ್ದೆನಲ್ರಿ ಅಣ್ಣಾರ. ಆ ಕಡ್ಡೀಲೆ ಹೊಗಿ ಹೆಂಗ ಬಂತು?"

ಉತ್ತರ ಕೊಟ್ಟವರು ಅನ್ನಪೂರ್ಣಮ್ಮನವರು. ಅವರು ಗೋಡೆಯ ಬದಿಗೆ ನೆಲದ ಮೇಲೆ ಕುಳಿತಿದ್ದರು. ಒಂದೊಂದು ಮಾತಿಗೂ ನಿಂತು ಹೇಳಿದರು.

"ಆಕಿನ್ನ ಬೈಬ್ಯಾಡೋ ಸಿದ್ದರಾಮ. ನಿಮ್ಮಪ್ಪಾರು ಅಂದ್ರು, ಸೊಪ್ಪಿನ ಶಕ್ತಿ ಎಲ್ಲಾ ಬೂದ್ಯಾಗ ಇಳದಿರತೈತಿ. ಆ ಹುಡಿಗಿ ತಿಳೀದ ಚೆಲ್ಲತೈತಿ. ಶಿವನ ತಲಿ ಮ್ಯಾಲಿನ ಪತ್ರಿ ಸುಟ್ಟ ಬೂದಿ ಅಂದ್ರ ಸಣ್ಣ ಮಾತಲ್ಲ. ಚಂದಗೆ ಬೇಯಿಸಿ ಹಚ್ಚಿಕೊಂಡ್ರ ಈ ದಮ್ಮು ಇಳೀತೈತಿ, ಆಸ್ಪತ್ರಿ ಬ್ಯಾಡ ಅಂದ್ರು. ಗಾಳಿ ಬಂದ್ರ ಬೂದಿ ಹಾರತೈತಿ ಅಂತ ಬಾಗಲಾ ನಾನ ಹಾಕಿದೆ."

ಸ್ನೇಹಲ್ ಆ ನೆಲದ ಮೇಲೆಯೇ ಅವರೆದುರು ಕುಳಿತುಬಿಟ್ಟಳು. 

"ಬೂದ್ಯಾಗ ಏನೂ ಇರಲಿಲ್ರಿ ಅಮ್ಮಾರ," ಎಂದಳು. "ಇದ್ದದ್ದು ಕಾವು ಅಷ್ಟ. ಕಾವು ಹೋದ ಮ್ಯಾಲೆ ಅದರಾಗ ಏನೂ ಉಳಿಯೂದಿಲ್ಲ."

ಅನ್ನಪೂರ್ಣಮ್ಮನವರು ಆಕೆಯ ಮುಖವನ್ನೇ ನೋಡಿದರು. ಜೀವಮಾನವೆಲ್ಲ ಬೂದಿಯನ್ನು ಸೋಸಿದ ಕೈಗಳು ಮಡಿಲಿನಲ್ಲಿ ಬಿದ್ದಿದ್ದವು. ಏನೋ ಹೇಳಲು ಹೋದರು, ಕೆಮ್ಮು ಹಿಡಿಯಿತು. ಬಾಯಿಗೆ ಸೆರಗು ಒತ್ತಿಕೊಂಡು, ಸದ್ದು ಹೊರಗೆ ಬಾರದಂತೆ ಒಳಗೊಳಗೇ ಕೆಮ್ಮಿದರು. ಬಿಡದೆ ಕೆಮ್ಮಿದರು. ಸ್ನೇಹಲ್ ಆಕೆಯ ಮಣಿಕಟ್ಟಿಗೆ ಕೈ ಹಾಕಿದಳು. ಮೂರು ಬೆರಳಿಟ್ಟವಳು ತಲೆಯೆತ್ತಿ ನನ್ನನ್ನು ನೋಡಿದಳು. ಆ ನೋಟವನ್ನು ಕಂಡು ನನಗೆ ದಿಗಿಲಾಯಿತು.

"ಸರ್, ಇವರ ಎದಿ ಡಾಕ್ಟರ್ರಿಗೆ ತೋರಿಸೀರೇನ್ರಿ ಯಾವಾಗರೆ?"

ಯಾರೂ ತೋರಿಸಿರಲಿಲ್ಲ.

ಆಕೆಯೇ ಒಳಗೆ ಹೋಗಿ ವೈದ್ಯರನ್ನು ಕರೆತಂದಳು. ಅವರು ಅನ್ನಪೂರ್ಣಮ್ಮನವರಿಂದ ಉಸಿರನ್ನು ಅಳೆಯುವ ಯಂತ್ರದ ಕೊಳವೆಯನ್ನು ಊದಿಸಿದರು. ಮೊದಲ ಸಲ ಯಂತ್ರ ಕೆಟ್ಟಿದೆಯೆಂದುಕೊಂಡರು. ಮತ್ತೆ ಊದಿಸಿದರು. ಮೂರನೆಯ ಸಲವೂ ಹಾಗೆಯೇ ಬಂತು. ಈ ಹೊತ್ತಿನ ಹೊಗೆಯೊಂದರಿಂದ ಇಷ್ಟು ಆಗದು, ಇದು ವರ್ಷಗಳ ಕೆಡುಕು, ಇಬ್ಬರೂ ಚೇತರಿಸಿಕೊಂಡ ಮೇಲೆ ಮತ್ತೊಮ್ಮೆ ನೋಡೋಣ ಎಂದರು. ಎರಡು ದಿನ ಬಿಟ್ಟು ಇಬ್ಬರನ್ನೂ ಊದಿಸಿ ನೋಡಿದರು. ಬಸಯ್ಯನವರ ಹಾಸಿಗೆಯ ಬಳಿ ಬಂದು ಅವರೇ ಹೇಳಿದರು.

"ಅಜ್ಜಾರ, ನಿಮ್ಮಕಿಂತ ಅಮ್ಮಾರ ಎದಿ ಹೆಚ್ಚು ಹಾಳಾಗೇತ್ರಿ."

ಮುಸುಕಿನ ಮೇಲೆ ಬಸಯ್ಯನವರ ಕಣ್ಣುಗಳು ಮಾತ್ರ ಕಾಣುತ್ತಿದ್ದವು. ಅಂಥ ಕಣ್ಣುಗಳನ್ನು ನಾನು ಹಿಂದೆಂದೂ ಕಂಡಿಲ್ಲ. ಅವರು ಮುಸುಕನ್ನು ಕೈಯಿಂದ ಸರಿಸಿದರು.

"ಆಕಿ ಒಂದ ದಿನಾ ಮಲಗಿಲ್ರಿ."

"ಮಲಗಿಲ್ಲ ಅಂದ್ರ ರೋಗ ಇಲ್ಲ ಅಂತಲ್ರಿ."

ಹಾಸಿಗೆಯ ತುದಿಯಲ್ಲಿ ನಿಂತಿದ್ದ ಹೆಂಡತಿಯತ್ತ ಅವರು ತಿರುಗಿದರು. "ಯಾಕ ಹೇಳಲಿಲ್ಲ?"

"ನಿಮ್ಮ ಕೆಮ್ಮ ಜೋರ ಇರತಿತ್ರಿ," ಎಂದರು ಅನ್ನಪೂರ್ಣಮ್ಮನವರು. "ನಂದು ಅದರಾಗ ಹೋಗಿಬಿಡತಿತ್ತು."

"ಸವದತ್ತಿಗೆ ಬಂದಾಗ, ಬೈಲಹೊಂಗಲಕ್ಕ ಹೋದಾಗ, ನೀನೂ ಇದ್ದೆಲ್ಲ."

"ಇದ್ನಿ. ಹಿಂದ ಬರತಿದ್ನಿ." ಆಕೆ ನೆಲವನ್ನು ನೋಡುತ್ತ ಹೇಳಿದರು. "ಮಂದಿ ಪದ್ಧತಿ ಅಂತಿದ್ರು. ಪದ್ಧತಿ ಅಲ್ರಿ ಅದು. ನಿಮ್ಮ ಸರಿಸಮ ನಡಿಯಾಕ ನನ್ನ ಕಡಿಂದ ಆಗತಿದ್ದಿಲ್ಲ."

 ಆಮ್ಲಜನಕ ಹರಿಯುವ ಸದ್ದೊಂದೇ ಕೇಳುತ್ತಿತ್ತು. ಸ್ನೇಹಲ್ ಬಾಗಿಲ ಕಡೆ ಮುಖ ತಿರುಗಿಸಿ ನಿಂತಳು. ನನಗೆ ಆ ಮಾಳಿಗೆಯ ಮೆಟ್ಟಿಲುಗಳು ನೆನಪಾದವು.

ಬಸಯ್ಯನವರು ಕೈಸನ್ನೆಯಿಂದ ಮಗನನ್ನು ಕರೆದರು.

"ಕುಣಿ ಇನ್ನೂ ಬೇಯಾಕ ಹತ್ತೇತಿ?"

"ಹತ್ತೇತಿ ಅಪ್ಪಾ. ಶಿವರಾತ್ರಿಗೆ ಇನ್ನೂ ದಿನಾ ಐತಿ. ನಾ ತಗೀತೇನಿ, ನೀವು ಚಿಂತಿ ಮಾಡಬ್ಯಾಡ್ರಿ."

"ನೀರ ಹಾಕು."

ಸಿದ್ದರಾಮನಿಗೆ ತನ್ನ ಕಿವಿಯ ಮೇಲೆ ನಂಬಿಕೆ ಬರಲಿಲ್ಲ. ನನಗೂ ಬರಲಿಲ್ಲ. ವಿಭೂತಿಯ ಕುಣಿಗೆ ನೀರು ಹಾಕುವುದೆಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉರಿ ತಾನಾಗಿ ಆರಬೇಕು. ಮಳೆ ಬಂದರೆ ತಾವು ನೆನೆದು ಕುಣಿಗೆ ಕಂಬಳಿ ಹೊದಿಸಿದ ಮನೆತನ ಅ‌ದು.

"ಅಪ್ಪಾ, ವರ್ಷದ ಬೂದಿ. ಅಜ್ಜನ ಕಾಲದ ಕುಣಿ."

"ಹಾಕು ಅಂದೆ. ಆಕಿ ಮನಿಗೆ ಬರೂದರಾಗ ಅದು ತಣ್ಣಗ ಆಗಿರಬೇಕು. ಮಾಸ್ತರ್ರ, ನೀವು ಜೋಡಿ ಹೋಗ್ರಿ. ಇವನ ಕೈ ಹಿಂದ ಸರದೀತು."

ನಾವಿಬ್ಬರೂ ಮುನವಳ್ಳಿಗೆ ಬಂದೆವು. ಹಿತ್ತಲಿನಲ್ಲಿ ಕುಣಿಯ ಕಿಂಡಿಯಿಂದ ನೀಲಿಯ ಎಳೆಯೊಂದು ಏಳುತ್ತಿತ್ತು. ಸಿದ್ದರಾಮನು ಕೊಡವನ್ನು ಎತ್ತಿ ಹಿಡಿದು ನಿಂತೇ ಇದ್ದನು. ನಾನು ಅವನ ಹೆಗಲು ಮುಟ್ಟಿದೆ. ಅವನು ಸುರಿದನು. ಕುಣಿ ಗಾಯಗೊಂಡ ಪ್ರಾಣಿಯಂತೆ ಬುಸುಗುಟ್ಟಿತು. ಬಿಳಿಯ ಉಗಿ ಗೋಡೆಯನ್ನು ದಾಟಿ ಎದ್ದಿತು. ಮುಚ್ಚಿದ ಮಣ್ಣು ಕುಸಿದು, ಒಳಗಿನಿಂದ ಕರಿಯ ರಾಡಿ ಹೊರಬಂದು ಕಲ್ಲಿನ ಮೇಲೆ ಹರಿಯಿತು. ಸದ್ದು ಕೇಳಿ ಓಣಿಯ ಜನರು ಓಡಿಬಂದರು. ಕೆಂಪವ್ವ ಎದೆಗೆ ಕೈಯಿಟ್ಟುಕೊಂಡು ಬಾಗಿಲಲ್ಲಿಯೇ ನಿಂತಳು.

"ಯಾರ ಹೋದ್ರೋ ಸಿದ್ದರಾಮ? ಅಯ್ನಾರ ಹೋದ್ರೇನು?"

"ಯಾರೂ ಹೋಗಿಲ್ಲ ಆಯಿ," ಎಂದನು ಅವನು, ಮತ್ತೊಂದು ಕೊಡ ಎತ್ತುತ್ತ. "ಇಬ್ಬರೂ ಅದಾರ."

ಆಕೆ ನಂಬಲಿಲ್ಲ. ಸಂಜೆಯವರೆಗೂ ಓಣಿಯಲ್ಲಿ ಯಾರೂ ನಂಬಲಿಲ್ಲ. ಮನೆಯಲ್ಲಿ ಸಾವಾಗದೆ ಬಸಯ್ಯನವರ ಕುಣಿಗೆ ನೀರು ಬೀಳುವುದು ಯಾರ ತಲೆಗೂ ಹೊಳೆಯದ ಸಂಗತಿ.

ಶಿವರಾತ್ರಿಯ ಮುನ್ನಾದಿನ ಆಸ್ಪತ್ರೆಯಿಂದ ಬಿಟ್ಟರು. ಸ್ನೇಹಲ್ ಅಲ್ಲಿಗೆ ಬಂದು ಇಬ್ಬರ ನಾಡಿಯನ್ನೂ ನೋಡಿದಳು. ಬೇಸಿಗೆಯಲ್ಲಿ ಬೆನ್ನಿಗೆ ಲೇಪ ಹಾಕಲು ಇಬ್ಬರೂ ಬರಬೇಕೆಂದಳು. ಈಗ ವೈದ್ಯರು ಕೊಟ್ಟ ಪಂಪುಗಳನ್ನು ಹೇಗೆ ಸೇದಬೇಕೆಂದು ಅನ್ನಪೂರ್ಣಮ್ಮನವರಿಗೆ ಕಲಿಸಿದಳು.

"ಕಡ್ಡಿ ಕೊಡೂದಿಲ್ರಿ ಅಜ್ಜಾರ ಇನ್ನ ಮ್ಯಾಲೆ."

"ಕೊಟ್ರ ನಿನ್ನ ಕೈಯಾಗ ಹಿಡದ ಕೊಡು ತಂಗಿ," ಎಂದರು ಬಸಯ್ಯನವರು. ಸ್ವಲ್ಪ ತಡೆದು, "ಬೂದಿ ನೀನ ಚೆಲ್ಲು. ನಾ ಅತ್ತಾಗ ನೋಡೂದಿಲ್ಲ," ಎಂದರು.

ನಮ್ಮ ಓಣಿ ಇಕ್ಕಟ್ಟಿನದು. ವಾಹನ ಓಣಿಯ ಬಾಯಿಯಲ್ಲಿಯೇ ನಿಲ್ಲಬೇಕು. ಅಲ್ಲಿಂದ ಅವರ ಮನೆಗೆ ನಡೆದೇ ಹೋಗಬೇಕು. ಬಸಯ್ಯನವರು ಇಳಿದು ನಿಂತರು. ಅನ್ನಪೂರ್ಣಮ್ಮನವರೂ ಇಳಿದು, ಎಂದಿನಂತೆ ಅವರು ಮುಂದೆ ಹೋಗಲೆಂದು ಕಾಯುತ್ತ ನಿಂತರು. ಬಸಯ್ಯನವರು ಹೋಗಲಿಲ್ಲ.

"ನಡೀರಿ ಮತ್ತ."

"ನೀ ಮುಂದ ನಡಿ."

"ಬ್ಯಾಡ್ರಿ. ಮಂದಿ ನೋಡಾಕ ಹತ್ತ್ಯಾರ."

"ನೋಡ್ಲಿ. ಎಲ್ಲಿ ಉಸರ ಸಾಲೂದಿಲ್ಲೋ ಅಲ್ಲಿ ನಿಂದ್ರು. ನಾನೂ ನಿಂದರತೇನಿ."

ಕಟ್ಟೆಗಳ ಮೇಲೆ ಕುಳಿತಿದ್ದವರು ಎದ್ದು ನಿಂತರು. ಕೆಂಪವ್ವ ಬಾಯಿಗೆ ಸೆರಗು ಹಿಡಿದಳು. ಅಂದು ಆಕೆಗೆ ಚೇಷ್ಟೆಯೂ ಹೊಳೆಯಲಿಲ್ಲ. ಅನ್ನಪೂರ್ಣಮ್ಮನವರು ಒಮ್ಮೆ ಹಿಂದಿರುಗಿ ಗಂಡನನ್ನು ನೋಡಿದರು. ಆಮೇಲೆ ಮುಂದೆ ನಡೆದರು. ಬೇವಿನ ಗಿಡದ ಕೆಳಗೆ ಗೋಡೆಗೆ ಕೈಯಿಟ್ಟು ನಿಂತು ಉಸಿರನ್ನು ಎಳೆದುಕೊಂಡರು. ಸೆರಗನ್ನು ಬಾಯಿಗೆ ಒತ್ತಿಕೊಳ್ಳದೆ, ಎಲ್ಲರಿಗೂ ಕೇಳುವಂತೆ ಕೆಮ್ಮಿದರು.

ಹಿಂದೆ ಬಸಯ್ಯನವರು, ಕರಡಿಗೆಯ ಮೇಲೆ ಕೈಯಿಟ್ಟು, ಆಕೆಯ ಕೆಮ್ಮು ನಿಲ್ಲುವವರೆಗೂ ನಿಂತಿದ್ದರು.